ಟ್ಯೂಬ್ ಸ್ಕ್ರೀಮರ್‌ಗೆ ಸೋಲೋ ಬೂಸ್ಟ್: ಮೂರು ದಾರಿಗಳನ್ನು ಹಾಕಿ ನೋಡಿದಾಗ

ಟ್ಯೂಬ್ ಸ್ಕ್ರೀಮರ್ ಎಂದರೆ ಗಿಟಾರ್ ದನಿಗೆ ಒಡಕು (ಡಿಸ್ಟಾರ್ಷನ್) ಕೊಡುವ ಓವರ್‌ಡ್ರೈವ್ ಪೆಡಲ್. ಅದರಲ್ಲಿ ರಿದಮ್‌ಗೆ ಹೊಂದಿಸಿಟ್ಟ ವಾಲ್ಯೂಮ್ ಸೋಲೋಗೆ ಸಾಲುವುದಿಲ್ಲ. ಡ್ರಮ್ಸ್, ಬೇಸ್, ಇನ್ನೊಂದು ಗಿಟಾರ್ ಎಲ್ಲ ಸೇರಿದರೆ ನುಡಿಸಿದ್ದು ಮುಳುಗಿಹೋಗುತ್ತದೆ. ಆಗ ಡ್ರೈವ್ ನಾಬ್ ತಿರುಗಿಸಿದರೆ ಡಿಸ್ಟಾರ್ಷನ್ ದಪ್ಪವಾಗುತ್ತದೆ, ಸದ್ದು ಮಾತ್ರ ಹೆಚ್ಚು ಏರುವುದಿಲ್ಲ. ಎಷ್ಟೇ ಗೇನ್ (ವರ್ಧನೆ) ಕೊಟ್ಟರೂ ಪೆಡಲ್ ಒಳಗಿನ ಡಯೋಡ್‌ಗಳು ಸಿಗ್ನಲ್‌ನ ತುದಿಯನ್ನು ಹೆಚ್ಚುಕಡಿಮೆ ಅದೇ ಎತ್ತರದಲ್ಲಿ ಕತ್ತರಿಸುತ್ತವೆ. ಹಾಗಾಗಿ ಬೂಸ್ಟ್ ಕೆಲಸ ಮಾಡಬೇಕಾದ್ದು ಡಯೋಡ್‌ಗಳಲ್ಲಿ, ಇಲ್ಲವೇ ಅವುಗಳ ನಂತರ.

ಟ್ಯೂಬ್ ಸ್ಕ್ರೀಮರ್‌ನ ಟಿಎಸ್808 ಮಾದರಿಯ ಸರ್ಕ್ಯೂಟನ್ನು 125ಬಿ ಅಳತೆಯ ಡಬ್ಬಿಯಲ್ಲಿ ಕಟ್ಟಿಕೊಂಡಿದ್ದೇನೆ. ಎರಡನೇ ಫುಟ್‌ಸ್ವಿಚ್‌ಗೆ ಅದರಲ್ಲಿ ಜಾಗವಿದೆ. ಮೂರೂ ವಿಧಾನಗಳನ್ನು ಅದರಲ್ಲೇ ಹಾಕಿ ನುಡಿಸಿದೆ.

ಮೊದಲನೆಯದು ಡಯೋಡ್ ಬಿಡಿಸುವುದು. ಸಿಗ್ನಲ್ ಹಿಗ್ಗಿಸುವ ಚಿಪ್ ಆದ ಆಪ್ ಆಂಪ್‌ನ ಫೀಡ್‌ಬ್ಯಾಕ್‌ನಲ್ಲಿರುವ (ಔಟ್‌ಪುಟ್‌ನಿಂದ ಇನ್‌ಪುಟ್‌ಗೆ ಮರಳುವ ದಾರಿಯಲ್ಲಿರುವ) ಸಿಲಿಕಾನ್ ಡಯೋಡ್‌ಗಳು ಸಿಗ್ನಲನ್ನು ಸುಮಾರು 0.6 ವೋಲ್ಟ್‌ಗೆ ಕ್ಲಿಪ್ ಮಾಡುತ್ತವೆ, ಅಂದರೆ ಕತ್ತರಿಸುತ್ತವೆ. ಸ್ವಿಚ್ ಒತ್ತಿ ಅವನ್ನು ಕಳಚಿದರೆ ಸಿಗ್ನಲ್ 9 ವೋಲ್ಟ್ ಸಪ್ಲೈ ಬಿಟ್ಟುಕೊಟ್ಟಷ್ಟೂ ಏರುತ್ತದೆ. ಸದ್ದು ಧುತ್ತೆಂದು ನೆಗೆಯುತ್ತದೆ, ಕಾರ್ಡ್‌ಗಳು ಅಗಲವಾಗಿ ತೆರೆದುಕೊಳ್ಳುತ್ತವೆ. ಆದರೆ ಸೋಲೋಗೆ ಬೇಕಾದ ಸಸ್ಟೇನ್ (ಸ್ವರ ಎಳೆದು ನಿಲ್ಲುವುದು) ಅಲ್ಲೇ ಹೋಗುತ್ತದೆ. ಎಷ್ಟು ಏರಬೇಕೆಂಬುದೂ ನಮ್ಮ ಕೈಯಲ್ಲಿರುವುದಿಲ್ಲ. ಸಿಲಿಕಾನ್ ಬದಲು ಕೆಂಪು ಎಲ್‌ಇಡಿಗೆ ಸ್ವಿಚ್ ಮಾಡಿದಾಗ ನೆಗೆತ ಸ್ವಲ್ಪ ಹದಕ್ಕೆ ಬಂತು, ಆದರೂ ಟೋನ್ ಬದಲಾಗುವುದು ತಪ್ಪಲಿಲ್ಲ. ಇದನ್ನು ಬೇರೊಂದು ದನಿ ಎಂದು ಇಟ್ಟುಕೊಳ್ಳಬಹುದು, ಬೂಸ್ಟ್ ಎಂದು ಒಪ್ಪಲಾರೆ.

ಎರಡನೆಯದು ಮಾಸ್‌ಫೆಟ್ ಎಂಬ ಬಗೆಯ ಟ್ರಾನ್ಸಿಸ್ಟರ್ ಬಳಸುವ ಬೂಸ್ಟರ್. ಝೀ ವೆಕ್ಸ್ ಕಂಪನಿಯ ಸೂಪರ್ ಹಾರ್ಡ್ ಆನ್ ಪೆಡಲ್‌ನ ಮಾದರಿಯ, ಒಂದು ಬಿಎಸ್170 ಮಾಸ್‌ಫೆಟ್ ಇರುವ ಪುಟ್ಟ ಬೋರ್ಡನ್ನು ಪೆಡಲ್‌ನ ಔಟ್‌ಪುಟ್ ನಂತರ ಕೂರಿಸಿದೆ. ಶಕ್ತಿಗೆ ಕೊರತೆಯಿಲ್ಲ. ಪ್ರತ್ಯೇಕ 3ಪಿಡಿಟಿ ಸ್ವಿಚ್ (ಮೂರು ಸಂಪರ್ಕಗಳನ್ನು ಒಟ್ಟಿಗೆ ಬದಲಿಸುವಂಥದ್ದು) ಕೊಟ್ಟರೆ ಓವರ್‌ಡ್ರೈವ್ ಆಫ್ ಇದ್ದಾಗಲೂ ಕ್ಲೀನ್ ಬೂಸ್ಟ್ ಸಿಗುತ್ತದೆ. ಈ ಸೌಲಭ್ಯ ಉಳಿದ ಎರಡರಲ್ಲಿ ಇಲ್ಲ. ಇದರಲ್ಲಿ ಗೇನ್ ಪಾಟ್ (ನಾಬ್‌ನಡಿಯ ಬದಲಾಗುವ ರೆಸಿಸ್ಟರ್) ಮೂಲಕ ಡಿಸಿ ಕರೆಂಟ್ ಹರಿಯುವುದರಿಂದ ತಿರುಗಿಸಿದಾಗ ಕರಕರ ಅನ್ನುತ್ತದೆ. ಮೂಲ ಪೆಡಲ್‌ನ ನಾಬ್ ಹೆಸರೇ ‘ಕ್ರ್ಯಾಕಲ್ ಓಕೆ’, ಅಂದರೆ ಅದು ದೋಷವಲ್ಲ. ನನಗೆ ಅಡ್ಡಿಯಾದದ್ದು ಹಿಸ್. ಡ್ರೈವ್ ಪೂರ್ತಿ ಏರಿಸಿದ ಟ್ಯೂಬ್ ಸ್ಕ್ರೀಮರ್ ಮೊದಲೇ ಸುಯ್ಯೆನ್ನುತ್ತದೆ, ಬೂಸ್ಟರ್ ಅದನ್ನೂ ಎತ್ತಿ ಕೊಡುತ್ತದೆ.

ನನ್ನ ಪೆಡಲ್‌ನಲ್ಲಿ ಈಗ ಉಳಿದಿರುವುದು ಮೂರನೆಯದು. ಇದಕ್ಕೆ ಬೇಕಾದ್ದು ಒಂದು ರೆಸಿಸ್ಟರ್, ಒಂದು ಸ್ವಿಚ್ ಅಷ್ಟೇ, ಬೆಂಗಳೂರಿನ ಎಸ್.ಪಿ. ರೋಡ್‌ನ ಯಾವ ಬಿಡಿಭಾಗದ ಅಂಗಡಿಯಲ್ಲಾದರೂ ಸಿಗುವಂಥವು. 100ಕೆ (100 ಕಿಲೋಓಮ್) ವಾಲ್ಯೂಮ್ ಪಾಟ್‌ಗೆ ಸಿಗ್ನಲ್ ಬರುವ ತಂತಿಯನ್ನು ಬಿಡಿಸಿ, ನಡುವೆ 100ಕೆ ರೆಸಿಸ್ಟರ್ ಸೇರಿಸಬೇಕು. ಎರಡೂ ಸಮ ಆದ್ದರಿಂದ ಪಾಟ್‌ಗೆ ಅರ್ಧ ವೋಲ್ಟೇಜ್ ಮಾತ್ರ ತಲುಪುತ್ತದೆ, ಅಂದರೆ 6 ಡೆಸಿಬೆಲ್ ಕಡಿಮೆ. ಸ್ವಿಚ್ ಒತ್ತಿದಾಗ ರೆಸಿಸ್ಟರ್ ಶಾರ್ಟ್ ಆಗಿ ಆ 6 ಡೆಸಿಬೆಲ್ ಮರಳಿ ಬರುತ್ತದೆ. ವಾಲ್ಯೂಮ್ ನಾಬ್ ಎಲ್ಲಿದ್ದರೂ ಈ ಅಂತರ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ. ಇದರ ಸೊಗಸು ಇರುವುದೇ ಅಲ್ಲಿ: ಹಾಲ್ ಬದಲಾದಾಗ ಒಂದೇ ನಾಬ್ ಹೊಂದಿಸಿದರೆ ಸಾಕು, ರಿದಮ್ ಸೋಲೋ ಎರಡೂ ಒಟ್ಟಿಗೆ ಸರಿಯುತ್ತವೆ. 6 ಹೆಚ್ಚೆನಿಸುವವರು 68ಕೆ ಹಾಕಲಿ, ಸುಮಾರು 4.5 ಡೆಸಿಬೆಲ್ ಆಗುತ್ತದೆ. ಡಿಪಿಡಿಟಿ ಸ್ವಿಚ್ (ಎರಡು ಸಂಪರ್ಕಗಳನ್ನು ಒಟ್ಟಿಗೆ ಬದಲಿಸುವಂಥದ್ದು) ಕೊಂಡರೆ ಉಳಿದ ಅರ್ಧದಲ್ಲಿ ಎಲ್‌ಇಡಿ ಉರಿಸಬಹುದು. ಟೋನ್ ಹಾಗೇ ಇರುತ್ತದೆ. ಹೊಸದಾಗಿ ಗೇನ್ ಸೇರದ್ದರಿಂದ ಪೆಡಲ್‌ನ ಹಿಸ್ ಮೊದಲಿನ ಮಿತಿ ದಾಟುವುದಿಲ್ಲ.

ಬೆಲೆ ತೆರಬೇಕಾದ್ದು ರಿದಮ್‌ನಲ್ಲಿ: ವಾಲ್ಯೂಮನ್ನು ಮೊದಲಿಗಿಂತ ಮೇಲೆ ಇಡಬೇಕು. ಟ್ಯೂಬ್ ಸ್ಕ್ರೀಮರ್‌ನಲ್ಲಿ ಅಷ್ಟು ಮಿಗುತ್ತದೆ, ವಾಲ್ಯೂಮ್ ಮೊದಲೇ ಪೂರ್ತಿ ಏರಿಸಿ ನುಡಿಸುವವರಿಗೆ ಮಿಗುವುದಿಲ್ಲ. ಅಂಥವರಿಗೆ ಮಾಸ್‌ಫೆಟ್ಟೇ ದಾರಿ.

ಈ ರೆಸಿಸ್ಟರ್ ವಿಧಾನವನ್ನು ಎಲ್ಲ ಪೆಡಲ್‌ಗೂ ಕಣ್ಣುಮುಚ್ಚಿ ಹಾಕಬೇಡಿ. ಟ್ಯೂಬ್ ಸ್ಕ್ರೀಮರ್‌ನಲ್ಲಿ ವಾಲ್ಯೂಮ್ ಪಾಟ್ ಆದಮೇಲೆ ಬಫರ್ (ಮುಂದಿನ ಕೇಬಲ್‌ನ ಹೊರೆ ಹಿಂದಕ್ಕೆ ತಟ್ಟದಂತೆ ತಡೆಯುವ ಹಂತ) ಇದೆ, ಹಾಗಾಗಿ ಟ್ರೆಬಲ್ ತಿನ್ನುವ ಕೇಬಲ್‌ನ ಕೆಪ್ಯಾಸಿಟೆನ್ಸ್ ತಟ್ಟುವುದಿಲ್ಲ. ಪ್ರೋಕೋ ಕಂಪನಿಯ ಡಿಸ್ಟಾರ್ಷನ್ ಪೆಡಲ್ ರ‍್ಯಾಟ್‌ನಲ್ಲಿ ಬಫರ್ ಮೊದಲು, ಪಾಟ್ ಕೊನೆಗೆ. ಅಲ್ಲಿ 100ಕೆ ಸೇರಿಸಿ ಉದ್ದದ ಕೇಬಲ್ ಹಾಕಿದರೆ ರಿದಮ್‌ನಲ್ಲಿ ಟ್ರೆಬಲ್ ಮಂಕಾಗುತ್ತದೆ. ಇನ್ನು ಆಂಪ್ ಮೊದಲೇ ಪೂರ್ತಿ ಡಿಸ್ಟಾರ್ಟ್ ಆಗುತ್ತಿದ್ದರೆ ಮೂರರಲ್ಲಿ ಯಾವುದನ್ನು ಆಂಪ್ ಮುಂದಿಟ್ಟರೂ ಸದ್ದು ಏರುವುದಿಲ್ಲ, ಡಿಸ್ಟಾರ್ಷನ್ನೇ ಹೆಚ್ಚುತ್ತದೆ. ಆಗ ಬೂಸ್ಟರನ್ನು ಬೇರೆ ಡಬ್ಬಿಯಲ್ಲಿ ಕಟ್ಟಿ ಆಂಪ್‌ನ ಎಫೆಕ್ಟ್ಸ್ ಲೂಪ್‌ನಲ್ಲಿ (ಆಂಪ್‌ನ ಡಿಸ್ಟಾರ್ಷನ್ ಹಂತದ ನಂತರ ಪೆಡಲ್ ಸೇರಿಸುವ ಜಾಗದಲ್ಲಿ) ಇಡಬೇಕಾಗುತ್ತದೆ.