ಹೊಸ ಕ್ಯೂನಲ್ಲಿ ದೋಷ ಕಂಡರೆ: ವಾಪಸ್ಸು, ವಾರಂಟಿ, ರಿಪೇರಿ, ನಮ್ಮದೇ ಕೈ – ನಾಲ್ಕನ್ನೂ ಮಾಡಿ ನೋಡಿದ ಮೇಲೆ

ಹೊಸ ಪೂಲ್ ಕ್ಯೂನಲ್ಲಿ, ಅಂದರೆ ಪೂಲ್ ಮೇಜಿನ ಮೇಲೆ ಚೆಂಡು ಹೊಡೆಯುವ ಕೋಲಿನಲ್ಲಿ, ಏನಾದರೂ ಐಬು ಕಂಡರೆ ನಮ್ಮ ಮುಂದೆ ನಾಲ್ಕು ದಾರಿಗಳಿರುತ್ತವೆ. ಮಾರಿದವರಿಗೆ ವಾಪಸ್ ಕೊಟ್ಟು ಬೇರೆ ತೆಗೆದುಕೊಳ್ಳಬಹುದು. ತಯಾರಕರ ವಾರಂಟಿ ಕೇಳಬಹುದು. ಲೇತ್ (ತಿರುಗಿಸಿ ಕಡೆಯುವ ಯಂತ್ರ) ಇಟ್ಟುಕೊಂಡು ಕ್ಯೂ ರಿಪೇರಿ ಮಾಡುವವರ ಹತ್ತಿರ ಕೊಡಬಹುದು. ಇಲ್ಲವೇ ಮನೆಯಲ್ಲೇ ಕೂತು ಸರಿ ಮಾಡಿಕೊಳ್ಳಬಹುದು. ಬೇರೆ ಬೇರೆ ಕ್ಯೂಗಳ ವಿಷಯದಲ್ಲಿ ಈ ನಾಲ್ಕನ್ನೂ ನಾನು ಮಾಡಿ ನೋಡಿದ್ದೇನೆ. ಎಲ್ಲ ದೋಷಕ್ಕೂ ಒಂದೇ ದಾರಿ ಸರಿ ಹೋಗುವುದಿಲ್ಲ. ಆದರೆ ಯಾವ ದಾರಿಯನ್ನು ಮೊದಲು ಯೋಚಿಸಬೇಕು ಅನ್ನುವುದರಲ್ಲಿ ನನಗೆ ಅನುಮಾನವಿಲ್ಲ. ವಾಪಸ್ ಕೊಡಲು ಗಡುವು ಇರುತ್ತದೆ. ಅದೂ ಅಲ್ಲದೆ, ಕ್ಯೂವಿಗೆ ಒಮ್ಮೆ ಅಂಟು, ಬ್ಲೇಡು, ಸ್ಯಾಂಡ್‌ಪೇಪರ್ ತಗುಲಿದರೆ ವಾಪಸ್ಸಿನ ಬಾಗಿಲು ಮುಚ್ಚಿತು ಅಂತಲೇ ಲೆಕ್ಕ. ಎಷ್ಟೋ ಸಲ ವಾರಂಟಿಯದ್ದೂ ಅದೇ ಕಥೆ. ಹಾಗಾಗಿ ಟಿಪ್‌ಗೆ (ಚೆಂಡಿಗೆ ತಾಗುವ ತುದಿಯ ತೊಗಲು) ಚಾಕ್ ಹಚ್ಚುವ ಮೊದಲೇ ಪೂರ್ತಿ ಪರೀಕ್ಷೆ ಮುಗಿಸಬೇಕು.

ಪರೀಕ್ಷೆಗೆ ದೊಡ್ಡ ಸಲಕರಣೆ ಏನೂ ಬೇಡ. ದೂರದಿಂದ ಬಂದ ಕ್ಯೂ ಆದರೆ ಒಂದು ದಿನ ಕೋಣೆಯೊಳಗೆ ಸುಮ್ನೆ ಬಿಡಿ. ಮರ ಸುತ್ತಲಿನ ಹವೆಗೆ ತಕ್ಕಂತೆ ತೇವ ಹೀರುತ್ತದೆ, ಬಿಡುತ್ತದೆ. ಅದು ಹೊಂದಿಕೊಂಡ ಮೇಲೆ ನೋಡಿದರೆ ಸರಿಯಾದ ಚಿತ್ರ ಸಿಗುತ್ತದೆ. ಆಮೇಲೆ ಶಾಫ್ಟನ್ನು (ಕ್ಯೂನ ಮುಂದಿನ ತೆಳು ಭಾಗ) ಮಾತ್ರ ತೆಗೆದುಕೊಂಡು ಸಮತಟ್ಟಾದ ಮೇಜಿನ ಮೇಲೆ ಉರುಳಿಸಿ. ಕಣ್ಣನ್ನು ಮೇಜಿನ ಮಟ್ಟಕ್ಕೆ ತನ್ನಿ, ಆಚೆ ಕಡೆಯಿಂದ ಬೆಳಕು ಬರಲಿ. ಶಾಫ್ಟ್‌ನ ಕೆಳಗೆ ಸಣ್ಣದೊಂದು ಬೆಳಕಿನ ಗೆರೆ ಕಾಣುವುದು ಸಹಜ. ಶಾಫ್ಟ್ ಉದ್ದಕ್ಕೂ ಒಂದೇ ದಪ್ಪ ಇರುವುದಿಲ್ಲವಲ್ಲ. ಉರುಳುವಾಗ ಆ ಗೆರೆ ಹಾಗೇ ಇದ್ದರೆ ಚಿಂತೆಯಿಲ್ಲ. ಒಮ್ಮೆ ಅಗಲವಾಗಿ ಒಮ್ಮೆ ಮಾಯವಾಗುತ್ತಿದ್ದರೆ ಮರ ಬಾಗಿದೆ. ಬಟ್ಟನ್ನೂ (ಹಿಂದಿನ ದಪ್ಪ ಭಾಗ) ಹೀಗೇ ಉರುಳಿಸಿ, ಕೊನೆಗೆ ಎರಡನ್ನೂ ಜೋಡಿಸಿ ಉರುಳಿಸಿ. ಬಿಡಿಬಿಡಿಯಾಗಿ ಎರಡೂ ನೇರ, ಜೋಡಿಸಿದಾಗ ಮಾತ್ರ ಜಾಯಿಂಟ್ (ಎರಡೂ ಸೇರುವ ಜಾಗ) ಹತ್ತಿರ ಮೇಲೆ ಕೆಳಗೆ ಕುಣಿಯುತ್ತದೆ ಅಂದರೆ ಜಾಯಿಂಟ್‌ನ ಮುಖ ಸಮನಾಗಿಲ್ಲ, ಅಥವಾ ಎರಡನ್ನೂ ಜೋಡಿಸುವ ಪಿನ್ ಓರೆಯಾಗಿ ಕೂತಿದೆ. ಆ ತೀರ್ಮಾನಕ್ಕೆ ಬರುವ ಮೊದಲು ಎರಡೂ ಮುಖಗಳನ್ನು ಒಣ ಬಟ್ಟೆಯಲ್ಲಿ ಒರೆಸಿ ಮತ್ತೊಮ್ಮೆ ಜೋಡಿಸಿ. ಒಂದು ಚೂರು ದೂಳು ಸಿಕ್ಕಿಕೊಂಡರೂ ಇದೇ ಕುಣಿತ ಕಾಣುತ್ತದೆ.

ದೋಷವೇ ಅಲ್ಲದ್ದನ್ನು ದೋಷ ಅಂದುಕೊಳ್ಳುವವರೂ ಬಹಳ. ಶಾಫ್ಟ್ ಮಾಡುವ ಮೇಪಲ್ ಮರದಲ್ಲಿ ಸಣ್ಣ ಸಣ್ಣ ಕಂದು ಗೆರೆ, ಚುಕ್ಕೆ ಇರುತ್ತವೆ. ಅವು ಮರ ಬೆಳೆಯುವಾಗಲೇ ಬಂದವು, ಆಟಕ್ಕೆ ಅದರಿಂದ ಏನೂ ಆಗುವುದಿಲ್ಲ. ಹೊಸ ಟಿಪ್ ಚಪ್ಪಟೆಯಾಗಿ ನುಣುಪಾಗಿ ಇರುವುದೂ ದೋಷವಲ್ಲ, ಅದಕ್ಕೆ ಗುಂಡು ಆಕಾರ ಕೊಡುವುದು ಆಡುವವರ ಕೆಲಸ. ತೂಕದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸ ಬಂದರೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ. ಮಾಮೂಲಿ ಪೂಲ್ ಕ್ಯೂಗಳು 18ರಿಂದ 21 ಔನ್ಸ್ ಇರುತ್ತವೆ, ಅಂದರೆ ಸುಮಾರು 510ರಿಂದ 595 ಗ್ರಾಂ. ಸ್ಪರ್ಧೆಯ ನಿಯಮದಲ್ಲಿರುವ ಗರಿಷ್ಠ ಮಿತಿ 25 ಔನ್ಸ್. ಆದರೆ ಶಾಫ್ಟ್‌ನ ಮರದ ಎಳೆಗಳು ಉದ್ದಕ್ಕೆ ಹೋಗದೆ ಓರೆಯಾಗಿ ಪಕ್ಕಕ್ಕೆ ಹರಿದು ಮುಗಿದಿದ್ದರೆ ಅದನ್ನು ಗಂಭೀರವಾಗಿ ತೆಗೆದುಕೊಳ್ಳಿ. ಅಂಥ ಶಾಫ್ಟ್ ಮುಂದೆ ಬಾಗುವ ಸಾಧ್ಯತೆ ಜಾಸ್ತಿ.

ಈಗ ಹೋಲಿಕೆಗೆ ಬರೋಣ. ಸೊಟ್ಟ ಶಾಫ್ಟಿನಿಂದ ಶುರು ಮಾಡುತ್ತೇನೆ, ಜನ ಹೆಚ್ಚು ಮೋಸ ಹೋಗುವುದು ಇಲ್ಲೇ.

ಒಂದು ಶಾಫ್ಟ್ ಸ್ವಲ್ಪವೇ ಬಾಗಿತ್ತು. ಅದನ್ನು ರಿಪೇರಿಯವರು ಬಿಸಿ ಮಾಡಿ ಒತ್ತಿ ನೇರ ಮಾಡಿಕೊಟ್ಟರು. ಕೈಗೆ ಬಂದಾಗ ನಿಜವಾಗಿಯೂ ನೇರವಾಗಿಯೇ ಇತ್ತು, ಉರುಳಿಸಿ ನೋಡಿದ್ದೆ. ಹವೆಯಲ್ಲಿ ತೇವ ಏರಿದಾಗ ಮತ್ತೆ ಅದೇ ದಿಕ್ಕಿಗೆ ಬಾಗಿತು. ರಿಪೇರಿಯವರು ಮೊದಲೇ ಈ ಮಾತು ಹೇಳಿದ್ದರು. ಮರದ ಒಳಗಿನ ಎಳೆತ ಹಾಗೇ ಉಳಿದಿರುತ್ತದೆ, ನಾವು ಒತ್ತಿದ್ದು ಮೇಲುಮೇಲಿನ ಕೆಲಸ. ಲೇತ್‌ನಲ್ಲಿ ಕಡೆದು ನೇರ ಮಾಡಬಹುದಲ್ವಾ ಅಂತ ಕೇಳುವವರಿದ್ದಾರೆ. ಕಡೆದರೆ ಶಾಫ್ಟ್ ತೆಳುವಾಗುತ್ತದೆ, ಅದರ ಸ್ವಭಾವವೇ ಬೇರೆಯಾಗುತ್ತದೆ, ಬಾಗುವ ಗುಣ ಮಾತ್ರ ಹೋಗುವುದಿಲ್ಲ. ಇದೇ ಥರದ ದೋಷವಿದ್ದ ಇನ್ನೊಂದು ಕ್ಯೂವನ್ನು ವಾಪಸ್ ಕೊಟ್ಟೆ. ಉರುಳಿಸುವ ವಿಡಿಯೋ ಕಳಿಸಿದೆ, ಬದಲಿ ಬಂತು, ಅದು ಇವತ್ತಿಗೂ ನೇರವಾಗಿದೆ. ವಾರಂಟಿ ಮೇಲೆ ಈ ವಿಷಯದಲ್ಲಿ ಭಾರ ಹಾಕಬೇಡಿ. ಕೆಲವರ ವಾರಂಟಿಯಲ್ಲಿ ಬಾಗುವಿಕೆಯೂ ಸೇರಿರುತ್ತದೆ, ಎಷ್ಟೋ ಜನ ಅದನ್ನು ಸ್ಪಷ್ಟವಾಗಿ ಹೊರಗಿಟ್ಟಿರುತ್ತಾರೆ. ಹೊರಗಿಡಲು ಅವರಿಗೊಂದು ಕಾರಣವೂ ಇದೆ. ಕ್ಯೂವನ್ನು ಬಿಸಿಲಲ್ಲಿ, ಕಾರಿನೊಳಗೆ, ತೇವದ ಜಾಗದಲ್ಲಿ ಇಟ್ಟು ಬಾಗಿಸಿದ್ದು ಯಾರು ಅಂತ ತಿಂಗಳುಗಳಾದ ಮೇಲೆ ಹೇಳುವುದು ಕಷ್ಟ. ಸೊಟ್ಟ ಶಾಫ್ಟ್‌ಗೆ ವಾಪಸ್ಸೇ ದಾರಿ, ಅದೂ ತಡಮಾಡದೆ.

ಜಾಯಿಂಟ್ ಕುಣಿತದ ಮಾತು ಸ್ವಲ್ಪ ಬೇರೆ. ಇದನ್ನು ಲೇತ್‌ನಲ್ಲಿ ಮುಖ ಸಮ ಮಾಡಿ ಸರಿಪಡಿಸಬಹುದು. ಕೈ ಕುದುರಿದ ರಿಪೇರಿಯವರು ಮಾಡಿದರೆ ಚೆನ್ನಾಗಿಯೇ ಬರುತ್ತದೆ, ನನಗೆ ಬಂದಿದೆ. ಆದರೂ ಹೊಸ ಕ್ಯೂಗೆ ಈ ಕೆಲಸ ಯಾಕೆ ಮಾಡಿಸಬೇಕು? ದುಡ್ಡು ಕೊಟ್ಟು ತಂದ ವಸ್ತುವಿಗೆ ಮೊದಲ ವಾರದಲ್ಲೇ ಮತ್ತೆ ದುಡ್ಡು ಸುರಿಯುವುದು ನ್ಯಾಯವಲ್ಲ. ಗಡುವು ಮುಗಿದಿದ್ದರೆ ಮಾತ್ರ ಲೇತ್‌ಗೆ ಹೋಗಿ.

ಹೊಡೆದಾಗ ಒಳಗಿಂದ ಬರುವ ಗುಯ್ಗುಟ್ಟುವ ಸದ್ದು ನನಗೆ ಬಹಳ ಪಾಠ ಕಲಿಸಿದ ದೋಷ. ಮೊದಲು ಸದ್ದು ಎಲ್ಲಿಂದ ಬರುತ್ತಿದೆ ಅಂತ ಹಿಡಿಯಬೇಕು. ಶಾಫ್ಟನ್ನು ಮಾತ್ರ ಎರಡು ಬೆರಳಲ್ಲಿ ಸಡಿಲವಾಗಿ ತೂಗಿ ಹಿಡಿದು, ಇನ್ನೊಂದು ಅಂಗೈಯಿಂದ ಮೆಲ್ಲಗೆ ತಟ್ಟಿ. ಒಳ್ಳೆಯ ಶಾಫ್ಟ್ ಟಣ್ ಅಂತ ಒಂದೇ ದನಿ ಕೊಡುತ್ತದೆ. ಟಿಪ್ ಅಥವಾ ಫೆರೂಲ್ (ಟಿಪ್ ಕೂರುವ ಬಳೆಯಂಥ ಭಾಗ) ಬಿಟ್ಟುಕೊಂಡಿದ್ದರೆ ಸದ್ದು ಒಡೆದಂತೆ ಕೇಳುತ್ತದೆ. ಶಾಫ್ಟ್ ಸರಿಯಿದ್ದರೆ ಬಟ್ಟನ್ನು ತಟ್ಟಿ. ನನ್ನ ಕ್ಯೂ ಒಂದರಲ್ಲಿ ಸದ್ದು ಬಟ್‌ನ ಬುಡದಿಂದ ಬರುತ್ತಿತ್ತು. ರಬ್ಬರ್ ಬಂಪರ್ ತೆಗೆದು, ಉದ್ದನೆಯ ಅಲೆನ್ ಕೀ ಒಳಗೆ ಬಿಟ್ಟು ತಿರುಗಿಸಿದೆ. ತೂಕದ ಬೋಲ್ಟ್ ಕೈಗೆ ಏನೂ ಭಾರವಿಲ್ಲದೆ ತಿರುಗಿತು, ಕಾಲು ಸುತ್ತು ಆದ ಮೇಲೆ ಬಿಗಿಯಾಯಿತು. ಮತ್ತೆ ತಟ್ಟಿದೆ, ಸದ್ದೇ ಇಲ್ಲ. ಇಷ್ಟಕ್ಕೆ ಕ್ಯೂವನ್ನು ಕಟ್ಟಿ ವಾಪಸ್ ಕಳಿಸಿದ್ದರೆ ವಾರಗಟ್ಟಲೆ ಆಟ ಬಿಟ್ಟು ಕೂರಬೇಕಿತ್ತು. ತೂಕ ಬದಲಿಸಿಕೊಳ್ಳಲೆಂದೇ ಬಿಟ್ಟಿರುವ ಜಾಗ ಅದು. ಅಲ್ಲಿ ಮರಕ್ಕಾಗಲಿ ಅಂಟಿಗಾಗಲಿ ನಾವು ಕೈ ಹಾಕುವುದಿಲ್ಲ. ಬಿಗಿಯಾದ ಮೇಲೂ ಜೋರು ಮಾಡಬೇಡಿ, ಮರ ಸೀಳಬಹುದು.

ಇನ್ನೊಂದು ಕ್ಯೂನಲ್ಲೂ ಇಂಥದೇ ಸದ್ದು. ಬೋಲ್ಟ್ ಬಿಗಿಯಾಗಿಯೇ ಇತ್ತು. ಜಾಯಿಂಟ್ ಪಕ್ಕದ ಅಲಂಕಾರದ ಉಂಗುರವನ್ನು ಬೆರಳಲ್ಲಿ ಗಟ್ಟಿಯಾಗಿ ಒತ್ತಿ ತಟ್ಟಿದರೆ ಸದ್ದು ನಿಲ್ಲುತ್ತಿತ್ತು, ಬೆರಳು ತೆಗೆದರೆ ಮತ್ತೆ ಶುರು. ಉಂಗುರದ ಒಳಗಿನ ಅಂಟು ಬಿಟ್ಟಿತ್ತು. ಮನೆಯಲ್ಲಿ ಆಗುವ ಕೆಲಸವಲ್ಲ. ರಿಪೇರಿಯವರು ನೋಡಿ, ಪಿನ್ ತೆಗೆದು ಪೂರ್ತಿ ಬಿಚ್ಚಬೇಕಾಗುತ್ತದೆ, ಮೇಲಿನ ಪಾಲಿಶ್ ಹೊಂದಿಸುವುದು ಕಷ್ಟ ಅಂದರು. ವಾಪಸ್ಸಿನ ಗಡುವು ಮುಗಿದಿತ್ತು, ವಾರಂಟಿಗೆ ಕಳಿಸಿದೆ. ಬಿಲ್ಲು ಕೇಳಿದರು, ಫೋಟೋ ಕೇಳಿದರು, ಕಳಿಸುವ ಖರ್ಚು ನನ್ನದೇ ಅಂದರು, ಕಾಯಿಸಿದರು. ಆದರೆ ಬಂದ ಕೆಲಸ ನೋಡಿ ನನಗೆ ತುಂಬಾ ಸಂತೋಷವಾಯಿತು. ಬಣ್ಣ, ಉಂಗುರ, ಪಾಲಿಶ್ ಯಾವುದರಲ್ಲೂ ರಿಪೇರಿಯ ಗುರುತಿಲ್ಲ. ಅದೇ ಬಿಡಿಭಾಗ, ಅದೇ ಬಣ್ಣ ತಯಾರಕರ ಹತ್ತಿರ ಮಾತ್ರ ಇರುತ್ತದೆ. ಬಟ್‌ನ ಒಳಗಿನ ಜೋಡಣೆಗೆ ಸಂಬಂಧಿಸಿದ ಯಾವ ದೋಷಕ್ಕೂ ನಾನು ವಾರಂಟಿಗೇ ಹೆಚ್ಚು ಅಂಕ ಕೊಡುತ್ತೇನೆ, ತಾಳ್ಮೆ ಇದ್ದರೆ.

ಫೆರೂಲ್ ವಿಷಯದಲ್ಲಿ ಶಾಫ್ಟ್ ಎಂಥದ್ದು ಅಂತ ನೋಡಬೇಕು. ಫೆರೂಲ್ ಮತ್ತು ಮರ ಸೇರುವಲ್ಲಿ ಸುತ್ತಲೂ ಒಂದು ಗೆರೆ ಕಂಡರೆ ಮೊದಲು ಒರೆಸಿ, ಆಮೇಲೆ ಉಗುರು ಎಳೆದು ನೋಡಿ. ಉಗುರು ಎಲ್ಲೂ ತಡೆಯದಿದ್ದರೆ ಅದು ಬರೀ ಅಂಟಿನ ಗೆರೆ. ಗೆರೆ ಉದ್ದಕ್ಕೆ ಮೇಲಿನಿಂದ ಕೆಳಗೆ ಹೋಗಿದ್ದರೆ ಬಿರುಕು, ಅದನ್ನು ಆಡಿ ನೋಡಲೂ ಹೋಗಬೇಡಿ. ಸಾಧಾರಣ ಶಾಫ್ಟ್‌ಗೆ ರಿಪೇರಿಯವರು ಬೇರೆ ಫೆರೂಲ್ ಹಾಕಿಕೊಟ್ಟರೆ ಸಾಕು. ಪಕ್ಕಕ್ಕೆ ಹೊಡೆದಾಗ ಚೆಂಡು ಕಡಿಮೆ ಸರಿಯಲಿ ಅಂತ ಮುಂಭಾಗ ಹಗುರ ಮಾಡಿರುವ ಶಾಫ್ಟ್‌ಗಳಿವೆಯಲ್ಲ, ಅವುಗಳಲ್ಲಿ ಫೆರೂಲ್‌ನ ತೂಕವೂ ಲೆಕ್ಕಕ್ಕೆ ಬರುತ್ತದೆ. ಅಂದಾಜಿನಲ್ಲಿ ಬೇರೆ ಹಾಕಿದರೆ ಹೊಡೆತ ಬದಲಾಗುತ್ತದೆ. ಅವನ್ನು ತಯಾರಕರಿಗೇ ಬಿಡುವುದು ಒಳ್ಳೆಯದು.

ಟಿಪ್‌ಗಾಗಿ ಮಾತ್ರ ವಾಪಸ್ಸು, ವಾರಂಟಿ ಅಂತ ಓಡಾಡಬೇಡಿ. ಟಿಪ್ ಹೇಗೂ ಸವೆಯುವ ವಸ್ತು, ವಾರಂಟಿಯಲ್ಲಿ ಸಾಮಾನ್ಯವಾಗಿ ಅದು ಇರುವುದಿಲ್ಲ. ಇಲ್ಲಿ ಪೈಪೋಟಿ ಇರುವುದು ರಿಪೇರಿಯವರಿಗೂ ನಮ್ಮ ಕೈಗೂ. ಎರಡನ್ನೂ ಹೋಲಿಸಿದ್ದೇನೆ. ಹಳೆ ಟಿಪ್ ಕಿತ್ತು, ಫೆರೂಲ್ ಮೇಲಿನ ಅಂಟು ಕೆರೆದು, ಸೂಪರ್ ಗ್ಲೂ ಹಾಕಿ ಒತ್ತುವವರೆಗೆ ಮನೆಯಲ್ಲಿ ಕಷ್ಟವಿಲ್ಲ. ನಾನು ಹಾಗೆ ಹಾಕಿದ ಟಿಪ್ ಗಟ್ಟಿಯಾಗಿಯೇ ನಿಂತಿತು. ವ್ಯತ್ಯಾಸ ಬರುವುದು ಆಮೇಲೆ. ಟಿಪ್‌ನ ಪಕ್ಕದ ಅಂಚನ್ನು ಫೆರೂಲ್‌ಗೆ ಸರಿಸಮವಾಗಿ ತರುವಾಗ ಬ್ಲೇಡ್ ಒಂದು ಕೂದಲಷ್ಟು ಜಾರಿದರೂ ಫೆರೂಲ್ ಗೀರಿಹೋಗುತ್ತದೆ. ಕೈಯಲ್ಲಿ ಉಜ್ಜುವಾಗ ಫೆರೂಲ್‌ನ ತುದಿ ಪೂರ್ತಿ ಸಮತಟ್ಟಾಗಿ ಉಳಿಯುವುದೂ ಕಷ್ಟ. ಲೇತ್‌ನಲ್ಲಿ ತುದಿ ಸಮ ಮಾಡಿ, ಅಂಟಿಸಿ, ಪಕ್ಕ ಕಡೆದು, ತೊಗಲನ್ನು ಉಜ್ಜಿ ಹೊಳಪು ತಂದ ಟಿಪ್‌ನಲ್ಲಿ ಹೊಡೆತದ ಸದ್ದೇ ಬೇರೆ. ಚುರುಕಾಗಿ, ಚೊಕ್ಕವಾಗಿ ಬರುತ್ತದೆ. ಪಕ್ಕ ಅಣಬೆಯ ಹಾಗೆ ಅರಳುವುದೂ ಕಡಿಮೆ. ನನ್ನ ಮತ ರಿಪೇರಿಯವರಿಗೆ. ಆಕಾರ ಕೊಡುವುದು, ಆಗಾಗ ತಿದ್ದುವುದು ಮಾತ್ರ ನಮ್ಮ ಕೈಯಲ್ಲಿರಲಿ.

ನಮ್ಮ ಕೈಗೆ ಇನ್ನೊಂದು ಒಳ್ಳೆಯ ಕೆಲಸವಿದೆ, ಅದು ಶಾಫ್ಟ್ ಮೇಲಿನ ಸಣ್ಣ ತಗ್ಗು. ಸಾಗಣೆಯಲ್ಲಿ ತಾಗಿ ಇಂಥ ತಗ್ಗು ಬಿದ್ದಿರುತ್ತದೆ. ಕಣ್ಣಿಗೆ ಕಾಣದಿದ್ದರೂ ಬೆರಳುಗಳ ನಡುವೆ ಶಾಫ್ಟ್ ಜಾರಿಸಿದಾಗ ಪ್ರತಿ ಸಲ ಅಲ್ಲೇ ಕಚ್ಚುತ್ತದೆ. ಆಳವಾಗಿದ್ದರೆ, ಎಳೆ ಕತ್ತರಿಸಿಹೋಗಿದ್ದರೆ ವಾಪಸ್ ಕೊಡಿ. ಬರೀ ಒತ್ತಿದ ಗುರುತಾದರೆ ಹತ್ತಿಯ ಒಂದು ಚೂರನ್ನು ನೀರಲ್ಲಿ ಅದ್ದಿ, ಹಿಂಡಿ, ಆ ತಗ್ಗಿನ ಮೇಲೆ ಮಾತ್ರ ಕೆಲವು ನಿಮಿಷ ಇಡಿ. ಒತ್ತಿಹೋದ ಮರದ ಎಳೆಗಳು ನೀರು ಹೀರಿ ಉಬ್ಬಿ ಮೇಲೆ ಬರುತ್ತವೆ. ಪೂರ್ತಿ ಒಣಗಲು ಬಿಡಿ. ಆಮೇಲೆ 2000 ನಂಬರಿನ ಸ್ಯಾಂಡ್‌ಪೇಪರ್‌ನಲ್ಲಿ ಆ ಜಾಗವನ್ನಷ್ಟೇ ಹಗುರವಾಗಿ ಸವರಿ, ತೊಗಲಿನ ತುಂಡಿನಿಂದ ಬಿಸಿಯಾಗುವಷ್ಟು ಉಜ್ಜಿ. ದಪ್ಪ ಪಾಲಿಶ್ ಇರುವ ಬಟ್‌ಗೆ ಇದು ನಡೆಯುವುದಿಲ್ಲ, ನೀರು ಒಳಗೆ ಇಳಿಯುವುದೇ ಇಲ್ಲ. ಒರಟು ಸ್ಯಾಂಡ್‌ಪೇಪರ್ ಹಿಡಿದು ಇಡೀ ಶಾಫ್ಟ್ ಉಜ್ಜುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. 13 ಮಿಲಿಮೀಟರ್ ಶಾಫ್ಟ್ ಅಂತ ಆರಿಸಿ ತಂದಿರುತ್ತಾರೆ, ಉಜ್ಜಿ ಉಜ್ಜಿ ಅದನ್ನು ತೆಳು ಮಾಡುತ್ತಾರೆ. ಹೋದ ಮರ ವಾಪಸ್ ಬರುವುದಿಲ್ಲ. ಶಾಫ್ಟ್ ಕೈಗೆ ಅಂಟುತ್ತಿದ್ದರೆ ಒಣ ಬಟ್ಟೆಯಲ್ಲಿ ಬಿರುಸಾಗಿ ಉಜ್ಜಿ ನೋಡಿ, ಬಹಳ ಸಲ ಅಷ್ಟೇ ಸಾಕು.

ಬಟ್ ಪಾಲಿಶ್‌ನಲ್ಲಿ ಗುಳ್ಳೆ, ಚಿತ್ತಾರ ಸ್ವಲ್ಪ ಆಚೀಚೆ ಆಗಿರುವುದು ಇಂಥವಕ್ಕೆ ನಾನು ಮಾರಿದವರ ಹತ್ತಿರ ಬೆಲೆ ಇಳಿಸಿ ಅಂತ ಕೇಳುತ್ತೇನೆ. ನೇರವಾಗಿ ಉರುಳುವ, ಟಣ್ ಅನ್ನುವ ಕ್ಯೂವನ್ನು ಒಂದು ಗುಳ್ಳೆಗಾಗಿ ಬಿಟ್ಟುಕೊಡಲು ಮನಸ್ಸು ಬರುವುದಿಲ್ಲ. ಬದಲಿಯಾಗಿ ಬರುವ ಕ್ಯೂ ಅಷ್ಟೇ ನೇರ ಇರುತ್ತದೆ ಅನ್ನುವ ಖಾತರಿ ಏನು?

ಕಾರ್ಬನ್ ಫೈಬರ್ ಶಾಫ್ಟ್ ತಂದವರಿಗೆ ಈ ಲೆಕ್ಕ ಸುಲಭ. ಅದು ತೇವಕ್ಕೆ ಬಾಗುವುದಿಲ್ಲ, ಮಾಮೂಲಿ ಪೆಟ್ಟಿಗೆ ತಗ್ಗು ಬೀಳುವುದೂ ಅಪರೂಪ. ಸೊಟ್ಟಗಿದ್ದರೆ ತಯಾರಿಕೆಯಲ್ಲೇ ತಪ್ಪಾಗಿದೆ, ನೇರ ವಾಪಸ್. ಒಳಗಿನ ಸದ್ದಿಗೂ ಅಷ್ಟೇ, ಬಿಚ್ಚಿ ನೋಡುವಂಥದ್ದು ನಮ್ಮ ಕೈಯಲ್ಲಿ ಏನೂ ಇಲ್ಲ. ಟಿಪ್ ಬದಲಿಸುವಾಗ ಮಾತ್ರ ಕಾರ್ಬನ್ ಶಾಫ್ಟ್ ಮಾಡಿ ಅಭ್ಯಾಸ ಇರುವವರಿಗೇ ಕೊಡಿ. ಬಿಸಿ ಜಾಸ್ತಿಯಾದರೆ ತುದಿಯ ಭಾಗಗಳನ್ನು ಹಿಡಿದಿರುವ ಅಂಟು ಸಡಿಲವಾಗುತ್ತದೆ.