ಏಸಾವನ ಹೆಂಡತಿಯರ ಲೆಕ್ಕ: ಮೂರು ದಾರಿ ಹಿಡಿದು ನೋಡಿದೆ

ಬೈಬಲ್ಲಿನ ಮೊದಲ ಪುಸ್ತಕ ಆದಿಕಾಂಡದ 36ನೇ ಅಧ್ಯಾಯ ಬಂತು ಅಂದರೆ ಹೆಚ್ಚಿನವರು ಪುಟ ತಿರುಗಿಸಿಬಿಡುತ್ತಾರೆ. ಬರೀ ಹೆಸರುಗಳು, ಅದೂ ಇಸಾಕನ ಮಗ, ಯಾಕೋಬನ ಅಣ್ಣ ಏಸಾವನ ಮನೆತನದ್ದು. ಆದರೆ ಹೀಬ್ರೂ ಗ್ರಂಥಗಳ ವಂಶಾವಳಿ ಓದುವ ದಾರಿಗಳಲ್ಲಿ ಯಾವುದು ಗಟ್ಟಿ ಅಂತ ಒರೆಗೆ ಹಚ್ಚಿ ನೋಡಲು ಇದು ಒಳ್ಳೆಯ ಜಾಗ.

ಗೊಂದಲ ಇಷ್ಟು. 26 ಮತ್ತು 28ನೇ ಅಧ್ಯಾಯಗಳಲ್ಲಿ ಏಸಾವನ ಹೆಂಡತಿಯರು ಹಿತ್ತಿಯ ಕುಲದ ಬೇರಿಯ ಮಗಳು ಯೆಹೂದೀತ್, ಹಿತ್ತಿಯ ಏಲೋನನ ಮಗಳು ಬಾಸೆಮತ್, ಇಷ್ಮಾಯೇಲನ ಮಗಳು ಮಹಲತ್. 36ಕ್ಕೆ ಬಂದರೆ ಏಲೋನನ ಮಗಳು ಆದಾ, ಅನಾಹನ ಮಗಳು ಒಹೊಲೀಬಾಮ, ಇಷ್ಮಾಯೇಲನ ಮಗಳು ಬಾಸೆಮತ್. ಒಬ್ಬಳ ಹೆಸರು ಇನ್ನೊಬ್ಬಳಿಗೆ ಹೋಗಿದೆ!

ಮೊದಲು ಹಿಡಿದದ್ದು ಹಳೆಯ ದಾರಿ: ಒಬ್ಬರಿಗೇ ಎರಡು ಹೆಸರು. 11ನೇ ಶತಮಾನದ ಯೆಹೂದಿ ವ್ಯಾಖ್ಯಾನಕಾರ ರಾಶಿ ಹೇಳುವುದು ಇದನ್ನೇ. ಆದಾ ಅಂದರೆ ಮೊದಲಿನ ಬಾಸೆಮತ್, ಒಹೊಲೀಬಾಮ ಅಂದರೆ ಯೆಹೂದೀತ್, ಎರಡನೇ ಬಾಸೆಮತ್ ಅಂದರೆ ಮಹಲತ್. ಹಾಳೆಯಲ್ಲಿ ಅಪ್ಪಂದಿರ ಹೆಸರು ಪಕ್ಕಪಕ್ಕ ಬರೆದು ನೋಡಿದೆ. ಎರಡು ಜೋಡಿ ಸಲೀಸಾಗಿ ಕೂರುತ್ತವೆ. ಮೂರನೆಯದು ಕೂರುವುದಿಲ್ಲ: ಯೆಹೂದೀತಳ ಅಪ್ಪ ಹಿತ್ತಿಯ ಬೇರಿ, ಒಹೊಲೀಬಾಮಳ ಅಪ್ಪ ಅನಾಹ, ಅವಳ ಕಡೆಯವರು ಹಿವ್ವಿಯರು ಎಂಬ ಬೇರೆ ಕುಲದವರು. ಇಲ್ಲಿ ಅಪ್ಪನಿಗೂ ಎರಡು ಹೆಸರು, ಕುಲಕ್ಕೂ ಎರಡು ಹೆಸರು ಅನ್ನಬೇಕಾಗುತ್ತದೆ. ಜಾಸ್ತಿ ಆಯಿತು ಅನ್ನಿಸಿತು.

ಎರಡನೆಯದು ಪಾಠಗಳನ್ನು, ಅಂದರೆ ಗ್ರಂಥದ ಬೇರೆ ಬೇರೆ ಹಳೆಯ ಪ್ರತಿಗಳನ್ನು, ಹೋಲಿಸುವುದು. ಸಮಾರ್ಯದವರು ಉಳಿಸಿಕೊಂಡು ಬಂದ ಪಂಚಗ್ರಂಥದಲ್ಲಿ (ಬೈಬಲ್ಲಿನ ಮೊದಲ ಐದು ಪುಸ್ತಕಗಳು) 36ನೇ ಅಧ್ಯಾಯದಲ್ಲೂ ಇಷ್ಮಾಯೇಲನ ಮಗಳು ಮಹಲತ್ತೇ. ಮಸೊರೆಟಿಕ್, ಅಂದರೆ ಯೆಹೂದಿಗಳ ಸಾಂಪ್ರದಾಯಿಕ ಹೀಬ್ರೂ ಪಾಠದಲ್ಲಿ ಅನಾಹ 'ಸಿಬೆಯೋನನ ಮಗಳು'. ಸಮಾರ್ಯ ಪಾಠದಲ್ಲೂ ಗ್ರೀಕ್ ಅನುವಾದದಲ್ಲೂ 'ಮಗ'. ಅದೇ ಅಧ್ಯಾಯದ 24ನೇ ವಚನದಲ್ಲಿ ಕತ್ತೆ ಮೇಯಿಸುವ ಅನಾಹ ಗಂಡಸೇ ಆದ್ದರಿಂದ ಇದು ಸರಿ ಇರಬಹುದು. ಆದರೆ ಮಹಲತ್ ವಿಷಯದಲ್ಲಿ ನನಗೆ ನಂಬಿಕೆ ಕಡಿಮೆ. ತೊಡಕು ಕಂಡ ನಕಲುಗಾರ ತಾನೇ ತಿದ್ದಿ ಸರಿ ಮಾಡಿದ ಹಾಗಿದೆ.

ಮೂರನೆಯದು, ವಂಶಾವಳಿಯನ್ನು ಕುಲಗಳ ನಕ್ಷೆ ಅಂತ ಓದುವುದು. ಬಾಗಿಲು ತೆರೆದದ್ದು ಇದೇ. ತಿಮ್ನಾಳನ್ನೇ ನೋಡಿ. 12ನೇ ವಚನದಲ್ಲಿ ಅವಳು ಏಸಾವನ ಮಗ ಎಲೀಫಜನ ಉಪಪತ್ನಿ, ಅಮಾಲೇಕನ ತಾಯಿ. 22ರಲ್ಲಿ ಏಸಾವ ನೆಲೆಸಿದ ನಾಡಿನ ಮೂಲ ನಿವಾಸಿ ಸೇಯೀರನ ಮಗ ಲೋಟಾನನ ತಂಗಿ. ಬೈಬಲ್ಲಿನ ಇನ್ನೊಂದು ಪುಸ್ತಕ 1 ಪೂರ್ವಕಾಲವೃತ್ತಾಂತ 1:36ಕ್ಕೆ ಹೋದರೆ ತಿಮ್ನಾ ಎಲೀಫಜನ ಮಕ್ಕಳ ಸಾಲಿನಲ್ಲಿ! ಮನುಷ್ಯರ ಲೆಕ್ಕದಲ್ಲಿ ಇದು ಆಗದ ಮಾತು. 36ರ ಕೊನೆಯಲ್ಲಿ ಏಸಾವನ ವಂಶದವರ ನಾಡಾದ ಎದೋಮಿನ ಮುಖಂಡರ ಪಟ್ಟಿ ಇದೆ, ಕುಲ ಮತ್ತು ಸ್ಥಳಗಳ ಪ್ರಕಾರ ಅಂತಲೇ ಹೇಳಿದೆ. ಅಲ್ಲಿ ತಿಮ್ನಾ ಇದೆ, ಒಹೊಲೀಬಾಮವೂ ಇದೆ. ಜೊತೆಗೆ ಪೀನೋನ್, ಅದನ್ನು ವಿದ್ವಾಂಸರು ಜೋರ್ಡಾನಿನ ಹಳೆಯ ತಾಮ್ರದ ಗಣಿಗಳ ಊರು ಫೈನಾನ್ ಎಂದು ಗುರುತಿಸುತ್ತಾರೆ. ಅಂದಮೇಲೆ 'ಉಪಪತ್ನಿ' ಅಂದರೆ ಕೆಳಗಿನ ಸ್ಥಾನದಲ್ಲಿ ಬಂದು ಸೇರಿದ ಗುಂಪು, 'ಮಗ' ಅಂದರೆ ಪೂರ್ತಿ ಒಳಗಾದ ಗುಂಪು ಅಂತ ಓದಬಹುದು ಅಲ್ವಾ?

ಈ ಓದು ಬೇರೆ ಕಡೆಯೂ ನಿಂತಿತು. ಸೇಯೀರನ ಮಗ ಶೋಬಾಲ್, ಅವನ ಮಗ ಮಾನಹತ್. 1 ಪೂರ್ವಕಾಲವೃತ್ತಾಂತ 2ರಲ್ಲಿ ಇಸ್ರಾಯೇಲರ ಯೆಹೂದ ಕುಲದೊಳಗೂ ಒಬ್ಬ ಶೋಬಾಲ್ ಇದ್ದಾನೆ. ಅವನು ಕಿರ್ಯತ್ಯಾರೀಮ್ ಎಂಬ ಊರಿನ 'ತಂದೆ', ಅವನ ಸಂತಾನದಲ್ಲಿ ಮಾನಹತಿಯರ ಅರ್ಧ ಪಾಲು. ಅರ್ಧ ಮಗ ಅಂತ ಎಲ್ಲಾದರೂ ಇರುತ್ತಾನಾ?

ಆದರೂ ಈ ದಾರಿ ಕಥೆಯ ಮುಂದೆ ಮೊಂಡಾಗುತ್ತದೆ. ಆ ಇಬ್ಬರು ಹಿತ್ತಿಯ ಸೊಸೆಯರಿಂದ ಇಸಾಕ ರೆಬೆಕ್ಕರು ಮನಸ್ಸು ನೊಂದುಕೊಂಡರು ಅಂತ 26:35 ಹೇಳುತ್ತದೆ. ಅಲ್ಲಿ ಕುಲಗಳ ಮಾತೆತ್ತಿದರೆ ಸುಮ್ನೆ ರಸಭಂಗ.

ಈಗ ನಾನು ಪಟ್ಟಿ ಸಿಕ್ಕರೆ ಮೊದಲು ಪಾಠಭೇದ ನೋಡುತ್ತೇನೆ, ಆಮೇಲೆ ಊರು ಕುಲಗಳ ಹೆಸರು ಹುಡುಕುತ್ತೇನೆ, ರಾಶಿಯ ದಾರಿಗೆ ಹೋಗುವುದು ಕಡೆಗೆ. ಯೆಹೂದೀತಳಿಗೆ ಮಾತ್ರ ಮೂರೂ ಒಗ್ಗಲಿಲ್ಲ. ಅವಳಿಗೆ ಮಕ್ಕಳಿರಲಿಲ್ಲ, ಅದಕ್ಕೇ ಮಕ್ಕಳ ಪಟ್ಟಿಯಲ್ಲಿ ಅವಳಿಲ್ಲ ಅನ್ನುವ ಸರಳ ಊಹೆಯೇ ಸದ್ಯಕ್ಕೆ ನನಗೆ ಸಾಕು.