ತೋಳುನೋವಿಗೆ ಟ್ರ್ಯಾಕ್‌ಬಾಲ್: ಡಿಟಿಪಿ ಮೇಜಿನ ಮೇಲಿನ ದೀರ್ಘಕಾಲದ ಬಳಕೆಯ ವಿಮರ್ಶೆ

ಕಾಸರಗೋಡಿನ ಮುದ್ರಣಾಲಯವೊಂದರಲ್ಲಿ ಕನ್ನಡ ಮತ್ತು ಮಲಯಾಳ ಪುಟವಿನ್ಯಾಸ ನನ್ನ ಉದ್ಯೋಗ. ಬಲ ಮೊಣಕೈಯ ಹೊರಬದಿಯಿಂದ ಮಣಿಕಟ್ಟಿನ ಹಿಂಭಾಗದವರೆಗೆ ಎಳೆದಂತಾಗುತ್ತಿದ್ದ ನೋವಿನಿಂದಾಗಿ ಸಾಮಾನ್ಯ ಮೌಸನ್ನು ಬಿಟ್ಟು ಕೆನ್ಸಿಂಗ್ಟನ್ ಕಂಪನಿಯ ಎಕ್ಸ್‌ಪರ್ಟ್ ಮೌಸ್ ಎಂಬ ಟ್ರ್ಯಾಕ್‌ಬಾಲನ್ನು ಬಳಸತೊಡಗಿ ಕೆಲವು ವರ್ಷಗಳಾದವು. ಹೆಸರಿನಲ್ಲಿ ಮೌಸ್ ಎಂದಿದ್ದರೂ ಈ ಸಾಧನ ಮೇಜಿನ ಮೇಲೆ ಓಡಾಡುವುದಿಲ್ಲ. ಅದು ಇಟ್ಟಲ್ಲೇ ಇರುತ್ತದೆ, ಮೇಲ್ಭಾಗದಲ್ಲಿ ಕೂರಿಸಿದ ಚೆಂಡನ್ನು ಬೆರಳುಗಳಿಂದ ಉರುಳಿಸಿದಾಗ ಪರದೆಯ ಮೇಲೆ ಕರ್ಸರ್ ಚಲಿಸುತ್ತದೆ. ಇದೇ ಬಗೆಯ ನೋವಿನಿಂದ ಟ್ರ್ಯಾಕ್‌ಬಾಲ್ ಕೊಳ್ಳಲು ಯೋಚಿಸುತ್ತಿರುವವರಿಗೆ ನಾನು ಹೇಳಬೇಕಾದ ಮುಖ್ಯ ಮಾತೊಂದಿದೆ: ಟ್ರ್ಯಾಕ್‌ಬಾಲ್ ಕೈಯ ದುಡಿಮೆಯನ್ನು ಇಲ್ಲವಾಗಿಸುವುದಿಲ್ಲ, ಅದನ್ನು ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ವರ್ಗಾಯಿಸುತ್ತದೆ. ಆದ್ದರಿಂದ ನಿಮ್ಮ ನೋವು ಎಲ್ಲಿದೆ ಎಂಬುದನ್ನು ತಿಳಿದುಕೊಂಡ ನಂತರವೇ ಯಾವ ಟ್ರ್ಯಾಕ್‌ಬಾಲ್ ಎಂಬುದನ್ನು ನಿರ್ಧರಿಸಬೇಕು.

ನಮ್ಮ ಕಡೆಯ ಡಿಟಿಪಿ ಕೆಲಸದ ಸ್ವರೂಪವನ್ನು ಸ್ವಲ್ಪ ವಿವರಿಸಿದರೆ ಈ ಮಾತು ಸ್ಪಷ್ಟವಾಗಬಹುದು. ಮಳೆಗಾಲ ಕಳೆದು ಜಾತ್ರೆ, ಬ್ರಹ್ಮಕಲಶೋತ್ಸವ, ಯಕ್ಷಗಾನ ಬಯಲಾಟಗಳ ಕಾಲ ಬಂತೆಂದರೆ ಹಲವು ಮಡಿಕೆಗಳ ಆಮಂತ್ರಣ ಪತ್ರಿಕೆಗಳು, ಸ್ಮರಣ ಸಂಚಿಕೆಗಳು, ಬ್ಯಾನರುಗಳು ಒಟ್ಟೊಟ್ಟಿಗೆ ಬರುತ್ತವೆ. ಸಮಿತಿಯ ಪದಾಧಿಕಾರಿಗಳ ಉದ್ದನೆಯ ಪಟ್ಟಿಯಲ್ಲಿ ಕೊನೆಯ ಗಳಿಗೆಯಲ್ಲಿ ಒಂದು ಹೆಸರು ಸೇರಿದರೂ ಮುಂದಿನ ಎಲ್ಲ ಸಾಲುಗಳನ್ನು ಸರಿಸಬೇಕಾಗುತ್ತದೆ. ಒಂದೇ ಹಾಳೆಯಲ್ಲಿ ಕನ್ನಡವೂ ಮಲಯಾಳವೂ ಇರಬೇಕಾದಲ್ಲಿ ಎರಡೂ ಲಿಪಿಗಳ ಸಾಲುಗಳ ಎತ್ತರ ಹೊಂದುವುದಿಲ್ಲವಾದ್ದರಿಂದ ಪೆಟ್ಟಿಗೆಗಳನ್ನು ಒಂದೊಂದಾಗಿ ಹಿಡಿದು ಎಳೆದು ಕೂರಿಸುವುದು ಅನಿವಾರ್ಯ. ಟೈಪಿಂಗಿನ ಭಾರವನ್ನು ಎರಡು ಕೈಗಳೂ ಹಂಚಿಕೊಳ್ಳುತ್ತವೆ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ನುಡಿ ಕೀಲಿಮಣೆಯಲ್ಲಂತೂ ಒತ್ತಕ್ಷರಕ್ಕೆ ಬೇಕಾಗುವ ಎಫ್ ಕೀಲಿ ಎಡಗೈಯ ತೋರುಬೆರಳಿನ ಪಾಲಿಗೆ ಬಂದಿದೆ. ಆದರೆ ಎಳೆಯುವುದು, ಒತ್ತಿ ಹಿಡಿಯುವುದು, ಬಿಡುವುದು ಇವೆಲ್ಲ ಬಲಗೈ ಒಂದರ ಮೇಲೆಯೇ ಬೀಳುತ್ತವೆ. ನೋವು ಬಲಗೈಗಷ್ಟೇ ಬಂದದ್ದರಿಂದ ಕಾರಣ ಕೀಲಿಮಣೆಗಿಂತ ಹೆಚ್ಚಾಗಿ ಮೌಸ್ ಎಂಬುದು ನನಗೆ ಖಚಿತವಾಯಿತು.

ಪರೀಕ್ಷಿಸಿದ ಫಿಸಿಯೋಥೆರಪಿಸ್ಟ್ ಇದು ಟೆನಿಸ್ ಎಲ್ಬೋ ಎಂದು ಕರೆಯಲಾಗುವ ತೊಂದರೆ ಎಂದರು. ಮಣಿಕಟ್ಟನ್ನು ಹಿಂದಕ್ಕೆ ಎತ್ತುವ ಸ್ನಾಯುಗಳು ಮೊಣಕೈಯ ಹೊರಬದಿಯ ಮೂಳೆಯ ಉಬ್ಬಿಗೆ ಅಂಟಿಕೊಂಡಿರುತ್ತವೆ. ಮೌಸ್ ಹಿಡಿದಾಗ ಅಂಗೈ ಕೆಳಮುಖವಾಗಿ ತಿರುಗಿರುತ್ತದೆ, ಮಣಿಕಟ್ಟು ಸ್ವಲ್ಪ ಮೇಲೆದ್ದಿರುತ್ತದೆ, ಬೆರಳುಗಳು ಗುಂಡಿಗಳ ಮೇಲೆ ಒತ್ತದೆ ಕಾಯುತ್ತಿರುತ್ತವೆ. ಈ ಕಾಯುವಿಕೆಯೂ ಆ ಸ್ನಾಯುಗಳಿಗೆ ದುಡಿಮೆಯೇ. ಇದರ ಜೊತೆಗೆ ಅಂಕಿಗಳ ಪ್ರತ್ಯೇಕ ಭಾಗವಿರುವ ಉದ್ದನೆಯ ಕೀಲಿಮಣೆ ಮೌಸನ್ನು ಇನ್ನಷ್ಟು ಬಲಕ್ಕೆ ತಳ್ಳುವುದರಿಂದ ಭುಜವೂ ದಿನವಿಡೀ ಹೊರಕ್ಕೆ ಚಾಚಿಕೊಂಡೇ ಇರಬೇಕಾಗುತ್ತದೆ. ಟ್ರ್ಯಾಕ್‌ಬಾಲ್ ನೇರವಾಗಿ ಪರಿಹರಿಸುವುದು ಮೌಸನ್ನು ಬಿಗಿಯಾಗಿ ಹಿಡಿದು ತೋಳಿನಿಂದ ಅತ್ತಿತ್ತ ಸರಿಸುವ ಶ್ರಮವನ್ನು ಮಾತ್ರ. ಅಂಗೈ ಕೆಳಮುಖವಾಗಿರುವುದನ್ನು ಎಲ್ಲ ಟ್ರ್ಯಾಕ್‌ಬಾಲುಗಳೂ ಸರಿಪಡಿಸುವುದಿಲ್ಲ.

ಟ್ರ್ಯಾಕ್‌ಬಾಲುಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಹೆಬ್ಬೆರಳಿನಿಂದ ಚೆಂಡು ತಿರುಗಿಸುವ ಬಗೆಯಲ್ಲಿ ಲಾಜಿಟೆಕ್‌ನ ಎರ್ಗೋ ಎಂ575 ಮತ್ತು ಎಂಎಕ್ಸ್ ಎರ್ಗೋ ಹೆಚ್ಚು ಪರಿಚಿತ. ಇವುಗಳ ಆಕಾರ ಸಾಮಾನ್ಯ ಮೌಸಿನದೇ ಆಗಿದ್ದು ಎಡಬದಿಯಲ್ಲಿ ಸುಮಾರು 34 ಮಿಲಿಮೀಟರ್ ವ್ಯಾಸದ ಚೆಂಡು ಇರುತ್ತದೆ. ಎಂಎಕ್ಸ್ ಎರ್ಗೋವನ್ನು ಬೇಕೆಂದರೆ 20 ಡಿಗ್ರಿಯಷ್ಟು ಓರೆ ಮಾಡಿಕೊಳ್ಳಬಹುದಾದ್ದರಿಂದ ಅಂಗೈ ಪೂರ್ತಿ ಕೆಳಮುಖವಾಗುವುದು ಅದರಲ್ಲಿ ಸ್ವಲ್ಪ ತಪ್ಪುತ್ತದೆ. ಎರಡನೆಯ ಬಗೆಯಲ್ಲಿ ಚೆಂಡು ಮಧ್ಯದಲ್ಲಿರುತ್ತದೆ, ತೋರುಬೆರಳು, ನಡುಬೆರಳು ಮತ್ತು ಉಂಗುರ ಬೆರಳುಗಳು ಸೇರಿ ಅದನ್ನು ಉರುಳಿಸುತ್ತವೆ. ಕೆನ್ಸಿಂಗ್ಟನ್‌ನ ಆರ್ಬಿಟ್ 40 ಮಿಲಿಮೀಟರಿನ ಚೆಂಡಿನದಾದರೆ ಎಕ್ಸ್‌ಪರ್ಟ್ ಮೌಸಿನದು 55 ಮಿಲಿಮೀಟರ್, ಸಣ್ಣ ಮೂಸಂಬಿಯಷ್ಟು ದೊಡ್ಡದು. ಅಂದಹಾಗೆ, ಇದು ಹೊಸ ಆವಿಷ್ಕಾರವೇನೂ ಅಲ್ಲ. ಡಗ್ಲಾಸ್ ಎಂಗೆಲ್‌ಬಾರ್ಟ್ 1968ರಲ್ಲಿ ಮೌಸನ್ನು ಸಾರ್ವಜನಿಕವಾಗಿ ತೋರಿಸುವುದಕ್ಕಿಂತ ಬಹಳ ಮುಂಚೆಯೇ, 1950ರ ದಶಕದ ಆರಂಭದಲ್ಲಿ, ಕೆನಡಾದ ನೌಕಾಪಡೆಯ ಡೇಟಾರ್ ಯೋಜನೆಯ ಎಂಜಿನಿಯರುಗಳು ಬೌಲಿಂಗ್ ಆಟದ ಚೆಂಡನ್ನೇ ಬಳಸಿ ಟ್ರ್ಯಾಕ್‌ಬಾಲ್ ಮಾಡಿದ್ದರು.

ಕೊಳ್ಳುವ ಮೊದಲು ಸಹೋದ್ಯೋಗಿಯೊಬ್ಬರ ಹೆಬ್ಬೆರಳ ಟ್ರ್ಯಾಕ್‌ಬಾಲನ್ನು ಎರವಲು ಪಡೆದು ನನ್ನ ಕೆಲಸಕ್ಕೆ ಬಳಸಿ ನೋಡಿದೆ. ಪ್ರೂಫ್ ಓದುವುದು, ಮಿಂಚಂಚೆ ನೋಡುವುದು, ಕಡತ ಹುಡುಕುವುದು ಇಂಥ ಹಗುರ ಕೆಲಸಗಳಿಗೆ ಅದು ನಿಜಕ್ಕೂ ಸುಖಕರವಾಗಿತ್ತು, ಮೌಸಿನ ಅಭ್ಯಾಸದಿಂದ ಬಂದವರಿಗೆ ಅದು ಬೇಗ ಒಗ್ಗುತ್ತದೆ ಎಂಬುದೂ ನಿಜ. ಆದರೆ ಚಿತ್ರವೊಂದರ ಅಂಚನ್ನು ಸೂಕ್ಷ್ಮವಾಗಿ ಕತ್ತರಿಸುವಾಗ ಮೊಣಕೈಗೆ ಸಿಕ್ಕ ಬಿಡುವಿನ ಬೆಲೆಯನ್ನು ಹೆಬ್ಬೆರಳು ತೆರಬೇಕಾಗುತ್ತಿತ್ತು. ದಿನವಿಡೀ ಒಂದೇ ಬೆರಳಿನಿಂದ ಸಣ್ಣ ಚೆಂಡನ್ನು ತಿರುಗಿಸಿದಾಗ ಹೆಬ್ಬೆರಳಿನ ಬುಡದಿಂದ ಮಣಿಕಟ್ಟಿನ ಬದಿಗೆ ಹೋಗುವ ಸ್ನಾಯುರಜ್ಜುಗಳ ಮೇಲೆ ಒತ್ತಡ ಬೀಳುತ್ತದೆ. ಆ ಭಾಗದಲ್ಲಿ ನೋವು ಬಂದರೆ ಅದನ್ನು ಡಿ ಕ್ವೆರ್ವೇನ್ ತೊಂದರೆ ಎನ್ನುತ್ತಾರೆ. ಮೊಬೈಲ್ ಫೋನಿನಲ್ಲಿ ಹೆಬ್ಬೆರಳಿನಿಂದಲೇ ಟೈಪ್ ಮಾಡುವವರು, ಮಗುವನ್ನು ಎತ್ತಿ ಆಡಿಸುವ ತಾಯಂದಿರು, ಈಗಾಗಲೇ ಆ ಜಾಗದಲ್ಲಿ ನೋವಿರುವವರು ಈ ಬಗೆಯನ್ನು ಆರಿಸದಿರುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಕಚೇರಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುವವರಿಗೆ, ಹೆಬ್ಬೆರಳು ಆರೋಗ್ಯವಾಗಿದ್ದು ಭುಜ ಮಾತ್ರ ನೋಯುವವರಿಗೆ ಅದು ಸಾಕಾಗಬಹುದು. ಸಹೋದ್ಯೋಗಿಗೆ ಅದು ಈಗಲೂ ಇಷ್ಟ. “ಅಕ್ಕಾ, ನನಗೆ ಎಳೆಯುವ ಕೆಲಸ ಕಡಿಮೆ, ಲೆಕ್ಕ ಬರೆಯುವುದು ಮಾತ್ರ” ಎಂದು ಅವರು ಹೇಳಿದ್ದರಲ್ಲಿ ಪೂರ್ತಿ ನ್ಯಾಯವಿದೆ.

ಎಕ್ಸ್‌ಪರ್ಟ್ ಮೌಸಿನ ದೊಡ್ಡ ಚೆಂಡು ನನ್ನ ಕೆಲಸಕ್ಕೆ ಹೊಂದಿದ್ದು ಎರಡು ಕಾರಣಗಳಿಂದ. ಶ್ರಮ ಮೂರು ಬೆರಳುಗಳಿಗೆ ಹಂಚಿಹೋಗುತ್ತದೆ, ಒಂದು ಬೆರಳು ದಣಿದರೆ ಇನ್ನೊಂದನ್ನು ಮುಂದೆ ಮಾಡಬಹುದು, ಬೇಕಾದರೆ ಅಂಗೈಯಿಂದಲೂ ಉರುಳಿಸಬಹುದು. ಎರಡನೆಯದಾಗಿ, ದೊಡ್ಡ ಚೆಂಡಿನಿಂದ ಕರ್ಸರನ್ನು ಕೂದಲೆಳೆಯಷ್ಟು ಸರಿಸುವುದು ನನಗೆ ಸುಲಭ. ಚೆಂಡಿನ ಸುತ್ತ ಇರುವ ಸ್ಕ್ರೋಲ್ ರಿಂಗನ್ನು ಉಂಗುರ ಬೆರಳಿನಿಂದ ತಿರುಗಿಸಿದರೆ ಪುಟ ಮೇಲೆ ಕೆಳಗೆ ಹೋಗುತ್ತದೆ, ಮೌಸಿನ ಚಕ್ರವನ್ನು ತೋರುಬೆರಳಿನಿಂದ ಮತ್ತೆ ಮತ್ತೆ ಎಳೆಯುವ ಆಯಾಸ ಇಲ್ಲಿಲ್ಲ. ನಾಲ್ಕು ಮೂಲೆಗಳಲ್ಲಿ ನಾಲ್ಕು ದೊಡ್ಡ ಗುಂಡಿಗಳಿದ್ದು, ಯಾವ ಗುಂಡಿ ಯಾವ ಕೆಲಸ ಮಾಡಬೇಕೆಂಬುದನ್ನು ಕಂಪನಿಯ ತಂತ್ರಾಂಶದಲ್ಲಿ ಬದಲಾಯಿಸಿಕೊಳ್ಳಬಹುದು. ಎರಡೂ ಬದಿ ಒಂದೇ ಆಕಾರದಲ್ಲಿರುವುದರಿಂದ ಎಡಗೈಗೂ ಸರಿಹೋಗುತ್ತದೆ. ಕೆಲಸ ಹೆಚ್ಚಿರುವ ದಿನಗಳಲ್ಲಿ ಮಧ್ಯಾಹ್ನದ ನಂತರ ಅದನ್ನು ಕೀಲಿಮಣೆಯ ಎಡಕ್ಕೆ ಇಟ್ಟುಕೊಂಡು ಬಲಗೈಗೆ ವಿಶ್ರಾಂತಿ ಕೊಡುವುದು ನನಗೆ ಸಾಧ್ಯವಾಗಿರುವುದು ಈ ಒಂದು ಗುಣದಿಂದ.

ರೂಢಿಯಾಗುವವರೆಗೆ ತಾಳ್ಮೆ ಬೇಕು. ಆರಂಭದಲ್ಲಿ ಕರ್ಸರ್ ಗುರಿ ದಾಟಿ ಹೋಗುತ್ತದೆ, ಕೆಲಸ ನಿಧಾನವಾಗುತ್ತದೆ, ಆದ್ದರಿಂದ ಜಾತ್ರೆಯ ಕಾಲದ ನಡುವೆ ಬದಲಾಯಿಸಲು ಹೋಗದೆ ಮಳೆಗಾಲದ ಬಿಡುವಿನಲ್ಲಿ ಶುರುಮಾಡುವುದು ಜಾಣತನ. ಅತ್ಯಂತ ಕಠಿಣವಾದದ್ದು ಗುಂಡಿಯನ್ನು ಒತ್ತಿ ಹಿಡಿದುಕೊಂಡೇ ಚೆಂಡು ಉರುಳಿಸುವುದು, ಅಂದರೆ ಎಳೆಯುವ ಕೆಲಸ. ಒಂದು ಬೆರಳು ಬಿಗಿಯಾಗಿ ಒತ್ತುತ್ತಿರುವಾಗ ಉಳಿದವು ಸಡಿಲವಾಗಿ ಚಲಿಸುವುದು ಕೈಗೆ ಸಹಜವಲ್ಲ, ಒತ್ತಿ ಹಿಡಿಯುವ ಆ ಬಿಗಿತವೇ ಮೊಣಕೈಯ ನೋವನ್ನು ಕೆರಳಿಸುತ್ತದೆ. ಇದಕ್ಕೆ ವಿಂಡೋಸ್‌ನಲ್ಲೇ ಉಪಾಯವಿದೆ. ಮೌಸ್ ಸೆಟ್ಟಿಂಗ್‌ನಲ್ಲಿ ಕ್ಲಿಕ್‌ಲಾಕ್ ಎಂಬ ಆಯ್ಕೆಯನ್ನು ಹಾಕಿಕೊಂಡರೆ ಗುಂಡಿಯನ್ನು ಕ್ಷಣಕಾಲ ಒತ್ತಿ ಬಿಟ್ಟರೂ ಹಿಡಿತ ಉಳಿಯುತ್ತದೆ, ವಸ್ತುವನ್ನು ಬೇಕಾದ ಕಡೆಗೆ ಉರುಳಿಸಿ ಮತ್ತೊಮ್ಮೆ ಒತ್ತಿದರೆ ಬಿಡುತ್ತದೆ. ಈ ಒಂದು ಆಯ್ಕೆ ಸಾಮಾನ್ಯ ಮೌಸಿನವರಿಗೂ ಉಪಯುಕ್ತವಾಗಿದ್ದು, ಅದಕ್ಕೆ ಬಿಡಿಗಾಸಿನ ಖರ್ಚಿಲ್ಲ. ಕೊನೆಯ ಕೂದಲೆಳೆಯ ಹೊಂದಾಣಿಕೆಗೆ ನಾನು ಕೀಲಿಮಣೆಯ ಬಾಣದ ಕೀಲಿಗಳನ್ನೇ ಬಳಸುತ್ತೇನೆ.

ನೋವು ಏನಾಯಿತು ಎಂಬುದನ್ನು ಉತ್ಪ್ರೇಕ್ಷೆಯಿಲ್ಲದೆ ಹೇಳಬೇಕು. ಭುಜದ ಬಿಗಿತ ಎಲ್ಲಕ್ಕಿಂತ ಮೊದಲು ಕಡಿಮೆಯಾಯಿತು. ಮೊಣಕೈಯ ನೋವು ನಿಧಾನವಾಗಿ ಇಳಿಯಿತು, ಅದರ ಶ್ರೇಯಸ್ಸನ್ನು ಟ್ರ್ಯಾಕ್‌ಬಾಲ್ ಒಂದಕ್ಕೇ ಕೊಡಲಾರೆ. ನೀರು ತುಂಬಿದ ಸಣ್ಣ ಬಾಟಲಿಯನ್ನು ಹಿಡಿದು ಮಣಿಕಟ್ಟನ್ನು ಮೆಲ್ಲನೆ ಕೆಳಗಿಳಿಸುವ ವ್ಯಾಯಾಮವನ್ನು ನಿತ್ಯ ಮಾಡಿದ್ದೇನೆ. ಅಂಕಿಗಳ ಭಾಗವಿಲ್ಲದ ಗಿಡ್ಡ ಕೀಲಿಮಣೆ ತರಿಸಿದ್ದೇನೆ. ಮುಂಗೈ ಮೇಜಿನ ಮೇಲೆ ಸಮತಟ್ಟಾಗಿ ಒರಗುವಂತೆ ಕುರ್ಚಿಯನ್ನು ಎತ್ತರಿಸಿದ್ದೇನೆ. ಈ ಸಾಧನ ಸಾಮಾನ್ಯ ಮೌಸಿಗಿಂತ ಎತ್ತರವಾಗಿರುವುದರಿಂದ ಜೊತೆಗೆ ಬರುವ ಅಂಗೈ ಆಸರೆಯನ್ನು ಜೋಡಿಸದೆ ಬಳಸಿದರೆ ಮಣಿಕಟ್ಟು ಹಿಂದಕ್ಕೆ ಬಾಗಿ ತೊಂದರೆ ಹೆಚ್ಚಾಗುತ್ತದೆ ಎಂಬುದನ್ನು ವಿಶೇಷವಾಗಿ ಗಮನಿಸಬೇಕು. ಇನ್ನೊಂದು ಎಚ್ಚರಿಕೆ: ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳು ಜೋಮು ಹಿಡಿಯುತ್ತಿದ್ದರೆ, ಅಥವಾ ಕಿರುಬೆರಳಿನ ಕಡೆ ಮರಗಟ್ಟುತ್ತಿದ್ದರೆ ಅದು ನರಕ್ಕೆ ಸಂಬಂಧಿಸಿದ ತೊಂದರೆಯಾಗಿರುವ ಸಾಧ್ಯತೆಯಿದೆ. ಅಂಥವರು ಅಂಗಡಿಗೆ ಹೋಗುವ ಮೊದಲು ವೈದ್ಯರ ಬಳಿಗೆ ಹೋಗಬೇಕು.

ನಿರ್ವಹಣೆಯ ವಿಷಯದಲ್ಲಿ ನಮ್ಮೂರಿನ ಹವೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು. ಚೆಂಡು ಒಳಗೆ ಮೂರು ಸಣ್ಣ ಬಿಂದುಗಳ ಮೇಲೆ ಕೂತಿರುತ್ತದೆ. ಬೆರಳಿನ ಜಿಡ್ಡು, ಬೆವರು, ಕಾಗದ ಕತ್ತರಿಸುವ ಯಂತ್ರದಿಂದ ಹಾರಿಬರುವ ಪುಡಿ ಇವೆಲ್ಲ ಸೇರಿ ಆ ಬಿಂದುಗಳ ಮೇಲೆ ಗಂಟು ಕಟ್ಟಿದರೆ ಚೆಂಡು ತಡವರಿಸುತ್ತದೆ. ಕರಾವಳಿಯ ತೇವದಲ್ಲಿ ಇದು ಬೇಗ ಆಗುತ್ತದೆ, ಸಾಧನ ಕೆಟ್ಟಿತೆಂದು ತಿಳಿಯಬೇಕಾಗಿಲ್ಲ. ಚೆಂಡನ್ನು ಎತ್ತಿ ಹತ್ತಿಯ ಕಡ್ಡಿಯಿಂದ ಆ ಮೂರೂ ಬಿಂದುಗಳನ್ನು ಒರೆಸಿ, ಚೆಂಡನ್ನು ಮೆತ್ತನೆಯ ಒಣ ಬಟ್ಟೆಯಿಂದ ಒರೆಸಿದರೆ ಮತ್ತೆ ನುಣುಪಾಗಿ ಉರುಳುತ್ತದೆ. ಸೋಪು ಹಾಕಿ ತೊಳೆದ ಚೆಂಡು ಕೆಲಕಾಲ ಒರಟಾಗಿರುತ್ತದೆ, ಬೆರಳಿನ ಸ್ವಲ್ಪ ಜಿಡ್ಡು ಅದಕ್ಕೆ ಬೇಕು. ಸಾಧನವನ್ನು ತಲೆಕೆಳಗು ಮಾಡಿದರೆ ಚೆಂಡು ಹೊರಬೀಳುವುದರಿಂದ ಮನೆಗೂ ಕಚೇರಿಗೂ ಹೊತ್ತೊಯ್ಯುವವರು ಚೆಂಡನ್ನು ಬೇರೆಯಾಗಿ ಬಟ್ಟೆಯಲ್ಲಿ ಸುತ್ತಿಡಬೇಕು. ನನ್ನದು ತಂತಿಯ ಮಾದರಿಯಾದ್ದರಿಂದ ಬ್ಯಾಟರಿಯ ಚಿಂತೆಯಿಲ್ಲ.

ಬೆಲೆ ಸಾಮಾನ್ಯ ಮೌಸಿಗಿಂತ ಹಲವು ಪಟ್ಟು ಹೆಚ್ಚು, ಕಾಸರಗೋಡಿನ ಅಂಗಡಿಗಳಲ್ಲಿ ನನಗೆ ಸಿಕ್ಕಿಲ್ಲ, ಆನ್‌ಲೈನಿನಲ್ಲಿ ತರಿಸಿದ್ದೇನೆ. ಅದಕ್ಕೂ ಮೊದಲು ಪರಿಚಿತರಲ್ಲಿ ಯಾರ ಬಳಿಯಾದರೂ ಇದ್ದರೆ ಕೈಯಿಟ್ಟು ನೋಡುವುದು ಉತ್ತಮ, ಏಕೆಂದರೆ ಅಂಗೈ ಚಿಕ್ಕದಾಗಿರುವವರಿಗೆ ಇದರ ಮೇಲಿನ ಗುಂಡಿಗಳು ದೂರವೆನಿಸುತ್ತವೆ, ಅವರಿಗೆ ಆರ್ಬಿಟ್ ಹೆಚ್ಚು ಹೊಂದುತ್ತದೆ. ಆನ್‌ಲೈನಿನಲ್ಲಿ ಕೊಳ್ಳುವುದೇ ಆದರೆ ಹಿಂದಿರುಗಿಸುವ ಅವಕಾಶವಿರುವ ಮಾರಾಟಗಾರರನ್ನೇ ಆರಿಸಿ, ಬಂದ ದಿನದಿಂದಲೇ ನಿಮ್ಮ ನಿಜವಾದ ಕೆಲಸದಲ್ಲಿ, ಅದರಲ್ಲೂ ಎಳೆಯುವ ಕೆಲಸದಲ್ಲಿ, ಬಳಸಿ ಪರೀಕ್ಷಿಸಿ.